ವಿಳಂಬ ಮನ್ನಾ ಕೋರಿ

ಘನ ನ್ಯಾಯಾಲಯಕ್ಕೆ, ಎಂದು ಬರೆದು
ಪೆನ್ನು ಮುಚ್ಚಿಟ್ಟು ಕೂತಿದ್ದೇನೆ. ಎದುರಿಗೆ ಹುಸೇನಪ್ಪ.
ಬಳ್ಳಾರಿಯ ಗುಡ್ಡ ಗೋಡೆಯಾಚೆ
ಹಗಲಿಡೀ ಕುಡಿದ ಬಿಸಿಲನ್ನು ಈಗ ಕಾರುತ್ತಿದೆ.

ತೊಂಬತ್ತು ದಿನದೊಳಗೆ ಹೋಗಬೇಕಿತ್ತು ಮೇಲ್ಮನವಿ.
ಮುಟ್ಟಿದ್ದು ನೂರಾ ನಲವತ್ತೊಂದನೆಯ ದಿನ.
ನಡುವಿನ ಐವತ್ತೊಂದು ಎಲ್ಲಿ ಹೋದವು,
ಒಂದೊಂದಕ್ಕೂ ಕಾರಣ ಕೊಡಿ ಎನ್ನುತ್ತದೆ ಧಾರವಾಡದ ಕಾಗದ.
ಮೊದಲ ತೊಂಬತ್ತು ಹೇಗೆ ಸವೆದವೆಂದು ಕೇಳಿಲ್ಲ.
ಅದಕ್ಕೂ ಹಿಂದಿನ ಹನ್ನೊಂದು ವರ್ಷವನ್ನೂ ಕೇಳಿಲ್ಲ.

ಸಿರುಗುಪ್ಪದ ನೋಂದಣಿ ಕಚೇರಿ ಎದುರು, ಬೇವಿನ ಬುಡದಲ್ಲಿ
ಇಪ್ಪತ್ತೆರಡು ವರ್ಷ ಪತ್ರ ಬರೆದವನು ನಾನು.
ಚೆಕ್ಕುಬಂದಿ ಒಂದೂ ತಪ್ಪುತ್ತಿರಲಿಲ್ಲ:
ಮೂಡಲಿಗೆ ಹಳ್ಳ, ಪಡುವಲಿಗೆ ಇಂಥವರ ಹೊಲ.
(ಒಂದೇ ಒಂದು ಸಲ
ಸತ್ತವನ ಹೆಬ್ಬೆಟ್ಟು ಒತ್ತಿಸಿದೆ. ಇನ್ನೂ ಬಿಸಿಯಿತ್ತು.
ಅದಕ್ಕೇ ಇಲ್ಲಿದ್ದೇನೆ.)
ಇಲ್ಲಿಯ ದಿನಕ್ಕೆ ಯಾವ ಚೆಕ್ಕುಬಂದಿ ಬರೆಯಲಿ?
ಮೂಡಲಿಗೆ ಬೆಳಗಿನ ಎಣಿಕೆ, ಪಡುವಲಿಗೆ ಸಂಜೆಯ ಎಣಿಕೆ,
ತೆಂಕಲಿಗೂ ಬಡಗಲಿಗೂ ಅದೇ ಗೋಡೆ.

ಹದಿನೇಳು ದಿನ ಕಲಬುರಗಿಗೆ ಹೋಗಿ ಬಂದವು.
ಶಿಕ್ಷೆ ಕೊಟ್ಟದ್ದು ರಾಯಚೂರು, ಹಾಗಾದರೆ ಕಲಬುರಗಿ ಪೀಠ
ಎಂದು ಗುಮಾಸ್ತ ಅಂಚೆಗೆ ಹಾಕಿದ.
ಬೆರಳು ಬಿದ್ದ ಜಾಗ ನಮ್ಮ ವ್ಯಾಪ್ತಿಯಲ್ಲಿಲ್ಲ
ಎಂದು ಅವರು ಮರಳಿಸಿದರು.
ಸರಿಯೇ. ತಪ್ಪು ರಾಯಚೂರಿನದು, ಬೆರಳು ಬಳ್ಳಾರಿಯದು,
ಮನುಷ್ಯ ಒಬ್ಬನೇ.

ಹತ್ತೊಂಬತ್ತು ದಿನ ಕಡತ ಬೀರುವಿನಲ್ಲಿತ್ತು.
ಕಾನೂನು ನೆರವಿನ ವಕೀಲೆ ಶಾಹೀನಾ ಮೇಡಂ
ಹೆರಿಗೆಗೆ ತವರಿಗೆ ಹೋಗಿದ್ದರು, ಬೀಗದ ಕೈ ಅವರ ಚೀಲದಲ್ಲಿ.
ಇದನ್ನು ಬರೆಯಲೇ ಎಂದೆ.
"ಕೂಸಿನ ಮ್ಯಾಲೆ ಯಾಕ ಹಾಕ್ತೀರಿ" ಎಂದ ಹುಸೇನಪ್ಪ.
ಸ್ವಲ್ಪ ಹೊತ್ತು ಬಿಟ್ಟು, "ಗಂಡೋ ಹೆಣ್ಣೋ, ಕೇಳಿದ್ರೇನು?"

ಇನ್ನು ಹದಿಮೂರು.
ಕಡತ ಆಕ್ಷೇಪಣೆ ಹೊತ್ತು ವಾಪಸು ಬಂತು:
ವಕಾಲತ್ತಿನ ಮೇಲೆ ಅರ್ಜಿದಾರನ
ಎಡಗೈ ಹೆಬ್ಬೆಟ್ಟಿನ ಗುರುತು ಇರುವುದಿಲ್ಲ.
ಆ ಚೀಟಿಯನ್ನು ಗುಂಡುಸೂಜಿಯಲ್ಲಿ ಚುಚ್ಚಿದ್ದ ಹಾಳೆಯ
ಮೊದಲ ಸಾಲು ಹೀಗಿತ್ತು:
ಯಾವುದೋ ತಾಲೂಕು ಕಚೇರಿಯ ಮೇಜಿಗೆ ಕಾಲು ಕೊಯ್ಯುವಾಗ
ಕಾವಲು ತಗಡಿಲ್ಲದ ಗರಗಸಕ್ಕೆ ಸಿಕ್ಕು
ಅರ್ಜಿದಾರನು ಎಡಗೈ ಹೆಬ್ಬೆಟ್ಟು ಕಳೆದುಕೊಂಡಿರುತ್ತಾನೆ.
ಓದಿ ಹೇಳಿದೆ. ಹುಸೇನಪ್ಪ ನಕ್ಕ.
ನಗು ಕೆಮ್ಮಾಗಿ, ಕೆಮ್ಮು ನಿಲ್ಲದೆ
ಪಕ್ಕದ ಬ್ಯಾರಕ್ಕಿನವರು ನೀರು ಕಳಿಸಿದರು.

ಕೂಡಿಸಿದರೆ ನಲವತ್ತೊಂಬತ್ತು.
ಬೆರಳು ಮಡಿಸಿ ಎಣಿಸಿದ ಹುಸೇನಪ್ಪ
(ಅವನ ಲೆಕ್ಕದಲ್ಲಿ ಯಾವಾಗಲೂ ಒಂದು ಕಡಿಮೆ).
"ಎರಡು ಉಳೀತಾವಲ್ರೀ" ಎಂದ.

ಉಳಿಯುತ್ತವೆ.
ಬಲಗೈ ಹೆಬ್ಬೆಟ್ಟು ಒತ್ತಿಸಿ, ಇದು ಇವನದೇ ಎಂದು
ಬಿಕ್ಕಲಂ ಹಾಕಿ ಕೊಡು ಎಂದರು ಜೈಲರ್ ಸಾಹೇಬರು.
ಆ ಎರಡು ದಿನ ಕಾಗದ ನನ್ನ ಜಮಖಾನದ ಕೆಳಗಿತ್ತು.
ಮಸಿಪೆಟ್ಟಿಗೆ ತೆರೆದಾಗಲೆಲ್ಲ ಆ ಬಿಸಿ ನೆನಪಾಗಿ
ಮುಚ್ಚಿಬಿಡುತ್ತಿದ್ದೆ.
ಅವನಿಗೆ ಹೇಳಿದ್ದು: ಮಸಿ ಒಣಗಿದೆ, ತರಿಸುತ್ತಿದ್ದಾರೆ.

ಏನು ಬರೆಯಲಿ ಈಗ?
ಜೆರಾಕ್ಸಿಗೆ ಗಣಿಯ ಕೆಂಪು ಧೂಳು ಹೊಕ್ಕಿತ್ತು ಎನ್ನಬಹುದು,
ಕರೆಂಟಿರಲಿಲ್ಲ ಎನ್ನಬಹುದು.
ಬಳ್ಳಾರಿಯಲ್ಲಿ ಎರಡನ್ನೂ ಯಾರೂ ಅನುಮಾನಿಸುವುದಿಲ್ಲ.

ಪೆನ್ನು ತೆಗೆದೆ.
ಐವತ್ತನೆಯ ಮತ್ತು ಐವತ್ತೊಂದನೆಯ ದಿನ:
ಬರೆದುಕೊಡುವವನಿಗೆ ಹೆದರಿಕೆಯಾಗಿತ್ತು.

"ಏನ್ ಬರದ್ರಿ?"
ಓದಲಿಲ್ಲ. ಮಸಿಪೆಟ್ಟಿಗೆ ಮುಂದಿಟ್ಟೆ.
ನಿಜಕ್ಕೂ ಒಣಗಿತ್ತು ಈಗ.
ಹುಸೇನಪ್ಪ ಬಲಗೈ ಹೆಬ್ಬೆರಳಿಗೆ ಉಗುಳು ಹಚ್ಚಿ
ತಿರುವಿ ತಿರುವಿ ತಿಕ್ಕತೊಡಗಿದ.
ಸಂಜೆ ಎಣಿಕೆಯ ಗಂಟೆ ಹೊಡೆಯಿತು.